ಐರನ್ ಮೇಡನ್ ಬಿಟ್ಟು ಹೋದವರು

ಇಂಗ್ಲೆಂಡಿನ ಹೆವಿ ಮೆಟಲ್ ರಾಕ್ ಬ್ಯಾಂಡ್ ಐರನ್ ಮೇಡನ್ ಹುಟ್ಟಿದ್ದು 1975ರ ಕ್ರಿಸ್‌ಮಸ್ ದಿನ. ಅವರ ಮೊದಲ ಆಲ್ಬಮ್ ಅಂಗಡಿಗೆ ಬಂದಿದ್ದು 1980ರ ಏಪ್ರಿಲ್ 14ರಂದು. ನಡುವೆ ನಾಲ್ಕು ವರ್ಷಕ್ಕೂ ಜಾಸ್ತಿ ಸಮಯ. ಅಷ್ಟರಲ್ಲಿ ಹದಿನೈದಕ್ಕೂ ಹೆಚ್ಚು ಜನ ಆ ಬ್ಯಾಂಡಿನಲ್ಲಿ ನುಡಿಸಿದ್ದರು. ಕೆಲವರು ತಾವಾಗಿ ಬಿಟ್ಟು ಹೋದರು, ಕೆಲವರನ್ನು ಕಳಿಸಿದರು. ಮೊದಲ ಆಲ್ಬಮ್‌ನಲ್ಲಿ ನುಡಿಸಿದ ಐವರಲ್ಲಿ ಮೊದಲ ದಿನದಿಂದ ಇದ್ದವನು ಒಬ್ಬನೇ. ಬೇಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್.

ಮೇಡನ್ ಬಗ್ಗೆ ಮಾತು ಬಂದಾಗ ನಮ್ಮ ಗೆಳೆಯರೆಲ್ಲ ಸಾಮಾನ್ಯವಾಗಿ 1982ರಿಂದ ಶುರು ಮಾಡುತ್ತಾರೆ. ಗಾಯಕ ಬ್ರೂಸ್ ಡಿಕಿನ್‌ಸನ್ ಬಂದ, ಆಲ್ಬಮ್ ಇಂಗ್ಲೆಂಡಿನಲ್ಲಿ ನಂಬರ್ ಒನ್ ಆಯಿತು, ಆಮೇಲೆ ಇಡೀ ಜಗತ್ತು. ಆ ಕಥೆ ದೊಡ್ಡದೇ. ಆದರೆ ನನ್ನ ಮನಸ್ಸು ಯಾವಾಗಲೂ ಅದಕ್ಕೂ ಹಿಂದಕ್ಕೆ ಹೋಗುತ್ತದೆ. ಹಾಡುಗಳು ರೆಡಿ ಇವೆ, ನುಡಿಸುವವರು ನಿಲ್ಲುತ್ತಿಲ್ಲ, ಅಂಥ ವರ್ಷಗಳ ಕಡೆಗೆ. ಕಾಲೇಜಿನಲ್ಲಿ ನಾವೂ ಒಂದು ಬ್ಯಾಂಡ್ ಕಟ್ಟಿದ್ದೆವು. ಡ್ರಮ್ಮರ್‌ಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ಹೊರಟ. ಹೊಸಬನನ್ನು ಕೂರಿಸಿಕೊಂಡು ಅದೇ ಹಾಡುಗಳನ್ನು ಮೊದಲಿಂದ ಹೇಳಿಕೊಡುವುದು ಎಷ್ಟು ಬೇಸರದ ಕೆಲಸ ಅಂತ ಆಗ ಗೊತ್ತಾಯಿತು. ಹ್ಯಾರಿಸ್ ಅದನ್ನು ವರ್ಷಗಟ್ಟಲೆ ಮಾಡಿದ. ಹಾಗಾಗಿ ಅವನ ಮೇಲೆ ನನಗೆ ಗೌರವ ಇದೆ. ಅವನು ಕಳಿಸಿದವರ ಮೇಲೆ ಪ್ರೀತಿಯೂ ಇದೆ.

ಹ್ಯಾರಿಸ್ ಪೂರ್ವ ಲಂಡನ್ನಿನ ಲೇಟನ್‌ಸ್ಟೋನ್‌ನವನು. ಹುಟ್ಟಿದ್ದು 1956ರಲ್ಲಿ. ಚಿಕ್ಕವನಿದ್ದಾಗ ಫುಟ್ಬಾಲ್ ಹುಚ್ಚು. ವೆಸ್ಟ್ ಹ್ಯಾಮ್ ಕ್ಲಬ್ಬಿನಲ್ಲಿ ತರಬೇತಿಗೆ ಹೋಗುವಷ್ಟು ಚೆನ್ನಾಗಿ ಆಡುತ್ತಿದ್ದ. ಮುಂದೆ ಹೊಟ್ಟೆಪಾಡಿಗೆ ಡ್ರಾಫ್ಟ್ಸ್‌ಮನ್ ಆಗಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ಸ್ಮೈಲರ್ ಅನ್ನುವ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದ. ಅಲ್ಲಿದ್ದವರೆಲ್ಲ ಅವನಿಗಿಂತ ದೊಡ್ಡವರು, ಅವರಿಗೆ ಬೇಕಾಗಿದ್ದು ಸರಳವಾದ ಬ್ಲೂಸ್ ರಾಕ್. ಇವನು ಬರೆದು ತರುತ್ತಿದ್ದ ಹಾಡುಗಳಲ್ಲಿ ನಡೆ ಪದೇ ಪದೇ ಬದಲಾಗುತ್ತಿತ್ತು. ಇದೆಲ್ಲ ತುಂಬಾ ಕಷ್ಟ, ನಮಗೆ ಬೇಡ ಅಂದರು ಅವರು. ತನ್ನ ಹಾಡು ನುಡಿಸುವವರು ಬೇಕಾದರೆ ತನ್ನದೇ ಬ್ಯಾಂಡ್ ಕಟ್ಟಬೇಕು ಅಂತ ಹ್ಯಾರಿಸ್ ಹೊರಗೆ ಬಂದ. ಐರನ್ ಮೇಡನ್ ಶುರುವಾಗಿದ್ದು ಹೀಗೆ. ಈ ವಿಷಯವನ್ನು ನಾನು ಮರೆಯುವುದಿಲ್ಲ, ಯಾಕೆಂದರೆ ಮುಂದೆ ನಡೆದದ್ದೆಲ್ಲ ಇದರಿಂದಲೇ ಅರ್ಥವಾಗುತ್ತದೆ. ಅಲ್ಲಿ ಮೊದಲು ಇದ್ದದ್ದು ಹಾಡು. ಜನ ಬಂದಿದ್ದು ಆಮೇಲೆ.

ಮೊದಲ ತಂಡದಲ್ಲಿ ಪಾಲ್ ಡೇ ಹಾಡುತ್ತಿದ್ದ. ಡೇವ್ ಸಲಿವನ್, ಟೆರಿ ರಾನ್ಸ್ ಗಿಟಾರ್. ರಾನ್ ಮ್ಯಾಥ್ಯೂಸ್ ಡ್ರಮ್ಸ್. 1976ರ ಮೇ ತಿಂಗಳಲ್ಲಿ ಪಾಪ್ಲರ್‌ನ ಸೇಂಟ್ ನಿಕೋಲಸ್ ಹಾಲ್‌ನಲ್ಲಿ ಮೊದಲ ಶೋ ಆಯಿತು. ಆಮೇಲೆ ಸ್ಟ್ರಾಟ್‌ಫರ್ಡ್ ಹತ್ತಿರದ ಕಾರ್ಟ್ ಅಂಡ್ ಹಾರ್ಸಸ್ ಪಬ್ಬಿನಲ್ಲಿ ನಿಯಮಿತವಾಗಿ ನುಡಿಸತೊಡಗಿದರು. ಪಾಲ್ ಡೇ ಚೆನ್ನಾಗಿ ಹಾಡುತ್ತಿದ್ದ. ಆದರೆ ವೇದಿಕೆ ಮೇಲೆ ಜನರನ್ನು ಹಿಡಿದಿಡುವ ಜೋರು ಅವನಲ್ಲಿಲ್ಲ ಅಂತ ಅದೇ ವರ್ಷ ಅವನನ್ನು ಬಿಟ್ಟರು.

ಅವನ ಜಾಗಕ್ಕೆ ಬಂದವನು ಡೆನ್ನಿಸ್ ವಿಲ್ಕಾಕ್. ಇವನಿಗೆ ಅಮೆರಿಕದ ಕಿಸ್ ಬ್ಯಾಂಡ್ ಅಂದರೆ ಪ್ರಾಣ. ಮುಖಕ್ಕೆ ಬಣ್ಣ, ಬಾಯಿಂದ ಸುರಿಯುವ ನಕಲಿ ರಕ್ತ, ಎಲ್ಲವನ್ನೂ ಪೂರ್ವ ಲಂಡನ್ನಿನ ಪಬ್ಬಿಗೆ ತಂದ. ವಿಲ್ಕಾಕ್ ತನ್ನ ಗೆಳೆಯನೊಬ್ಬನನ್ನೂ ಕರೆತಂದ. ಡೇವ್ ಮರ್ರೆ ಅಂತ, ಗಿಟಾರ್ ನುಡಿಸುವವನು. ಅವನ ಕೈಗುಣ ಕೇಳಿ ಹ್ಯಾರಿಸ್ ಮಾರುಹೋದ. ಇದರಿಂದ ಮೊದಲೇ ಇದ್ದ ಇಬ್ಬರು ಗಿಟಾರಿಸ್ಟರ ಜೊತೆ ಕಸಿವಿಸಿಯಾಯಿತು. 1976 ಮುಗಿಯುವಷ್ಟರಲ್ಲಿ ಹ್ಯಾರಿಸ್ ಬ್ಯಾಂಡನ್ನೇ ಮುಚ್ಚಿ, ಮರ್ರೆಯೊಬ್ಬನನ್ನೇ ಗಿಟಾರಿಗೆ ಇಟ್ಟುಕೊಂಡು ಮತ್ತೆ ತೆರೆದ.

1977 ಮಾತ್ರ ಪೂರ್ತಿ ಗೊಂದಲದ ವರ್ಷ. ಎರಡನೇ ಗಿಟಾರಿಗೆ ಬಾಬ್ ಸಾಯರ್ ಬಂದ. ಅವನಿಂದ ಮರ್ರೆಗೂ ವಿಲ್ಕಾಕ್‌ಗೂ ನಡುವೆ ಬಿರುಕು ಬಿತ್ತು. ಸಾಯರ್ ಹೋದ. ಬಿರುಕು ಹೋಗಲಿಲ್ಲ. ಕೊನೆಗೆ ವಿಲ್ಕಾಕ್ ಮಾತು ಕೇಳಿ ಹ್ಯಾರಿಸ್ ಡೇವ್ ಮರ್ರೆಯನ್ನೇ ಮನೆಗೆ ಕಳಿಸಿದ. ಡ್ರಮ್ಮರ್ ಮ್ಯಾಥ್ಯೂಸ್ ಕೂಡ ಹೋದ. ಮರ್ರೆ ತನ್ನ ಬಾಲ್ಯದ ಗೆಳೆಯ ಏಡ್ರಿಯನ್ ಸ್ಮಿತ್ ನಡೆಸುತ್ತಿದ್ದ ಅರ್ಚಿನ್ ಅನ್ನುವ ಬ್ಯಾಂಡ್ ಸೇರಿಕೊಂಡ.

ಆಮೇಲೆ ಕಟ್ಟಿದ ತಂಡ ನೋಡಿ. ಗಿಟಾರಿಗೆ ಟೆರಿ ವಾಪ್ರಮ್. ಡ್ರಮ್ಸ್‌ಗೆ ಬ್ಯಾರಿ ಪರ್ಕಿಸ್, ಮುಂದೆ ಥಂಡರ್‌ಸ್ಟಿಕ್ ಅಂತ ಹೆಸರು ಮಾಡಿದವನು. ಕೀಬೋರ್ಡ್‌ಗೆ ಟೋನಿ ಮೂರ್. ಹೌದು, ಐರನ್ ಮೇಡನ್‌ನಲ್ಲಿ ಕೀಬೋರ್ಡ್! ಈ ತಂಡ 1977ರ ನವೆಂಬರ್‌ನಲ್ಲಿ ಕ್ಯಾನಿಂಗ್ ಟೌನ್‌ನ ಬ್ರಿಜ್‌ಹೌಸ್ ಪಬ್ಬಿನಲ್ಲಿ ಒಂದು ಶೋ ಕೊಟ್ಟಿತು. ಅದು ಕೆಟ್ಟದಾಗಿ ಹೋಯಿತು. ಈ ತಂಡಕ್ಕೆ ಅದೇ ಮೊದಲ ಶೋ, ಅದೇ ಕೊನೆಯದು. ಪರ್ಕಿಸ್ ಹೋದ. ಈ ಸಂಗೀತಕ್ಕೆ ಕೀಬೋರ್ಡ್ ಒಗ್ಗುವುದಿಲ್ಲ ಅಂತ ಮೂರ್ ಕೂಡ ಹೊರಗಾದ. ಕೆಲವು ತಿಂಗಳಲ್ಲಿ ವಿಲ್ಕಾಕ್ ತಾನೇ ಬಿಟ್ಟು ಬೇರೆ ಬ್ಯಾಂಡ್ ಕಟ್ಟಲು ಹೋದ.

ವಿಲ್ಕಾಕ್ ಹೋದ ಕೂಡಲೇ ಹ್ಯಾರಿಸ್ ಮಾಡಿದ ಕೆಲಸ ಒಂದೇ. ಮರ್ರೆಯನ್ನು ವಾಪಸ್ ಕರೆದ. ಮರ್ರೆ ಬಂದ. ಪಕ್ಕದಲ್ಲಿ ಇನ್ನೊಬ್ಬ ಗಿಟಾರಿಸ್ಟ್ ಇರುವುದು ವಾಪ್ರಮ್‌ಗೆ ಇಷ್ಟವಿರಲಿಲ್ಲ, ಅವನೂ ಹೋದ.

ಈ ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಆ ಕರೆ. ಬೇರೆಯವರ ಮಾತು ಕೇಳಿ ಒಬ್ಬನನ್ನು ತೆಗೆದ ಮೇಲೆ, ಮತ್ತೆ ಅವನ ಮುಂದೆ ನಿಂತು ಬಾ ಅನ್ನುವುದು ಇಪ್ಪತ್ತೆರಡು ವರ್ಷದ ಹುಡುಗನಿಗೆ ಸುಲಭವಲ್ಲ. ಬರುವವನಿಗೂ ಸುಲಭವಲ್ಲ. ಇಬ್ಬರಲ್ಲಿ ಒಬ್ಬ ಹಟ ಮಾಡಿದ್ದರೂ ಈ ಬ್ಯಾಂಡ್ ಸ್ಟ್ರಾಟ್‌ಫರ್ಡ್‌ನ ಪಬ್ಬಿನಲ್ಲೇ ಮುಗಿಯುತ್ತಿತ್ತು ಅಂತ ನಾನು ನಂಬುತ್ತೇನೆ. ಇವತ್ತಿಗೂ ಮೇಡನ್‌ನ ಪ್ರತಿಯೊಂದು ಸ್ಟುಡಿಯೋ ಆಲ್ಬಮ್‌ನಲ್ಲೂ ಇರುವವರು ಇಬ್ಬರೇ. ಒಬ್ಬ ಹ್ಯಾರಿಸ್. ಇನ್ನೊಬ್ಬ ಅದೇ ಮರ್ರೆ.

ಇನ್ನು 1978. ಡ್ರಮ್ಸ್‌ಗೆ ಡಗ್ ಸಾಂಪ್ಸನ್ ಬಂದಿದ್ದ, ಹ್ಯಾರಿಸ್‌ಗೆ ಸ್ಮೈಲರ್ ದಿನಗಳಿಂದ ಗೊತ್ತಿದ್ದವನು. ಹಾಡುವವನಿಲ್ಲದೆ ಮೂವರೇ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿದರು. ಆ ವರ್ಷದ ಕೊನೆಗೆ ಲೇಟನ್‌ಸ್ಟೋನ್‌ನ ರೆಡ್ ಲಯನ್ ಪಬ್ಬಿನಲ್ಲಿ ಪಾಲ್ ಡಿಯಾನೊ ಸಿಕ್ಕ. ಒರಟು ದನಿ. ಬೀದಿಯಲ್ಲಿ ಬೆಳೆದ ಹುಡುಗನ ಗತ್ತು. ಲಂಡನ್ನಿನಲ್ಲಿ ಆಗ ಪಂಕ್ ಅನ್ನುವ ಒರಟು, ಸರಳ ರಾಕ್ ಜೋರಾಗಿತ್ತು. ಪಬ್ಬಿನವರೂ ರೆಕಾರ್ಡ್ ಕಂಪನಿಯವರೂ ಉದ್ದ ಕೂದಲಿನ ಹೆವಿ ಮೆಟಲ್ ಹುಡುಗರನ್ನು ನೋಡಿದರೆ ಮುಖ ತಿರುಗಿಸುತ್ತಿದ್ದ ಕಾಲ. ಡಿಯಾನೊನ ದನಿಯಲ್ಲಿ ಆ ಪಂಕ್‌ನ ಕಿಚ್ಚೂ ಇತ್ತು. ಹ್ಯಾರಿಸ್‌ಗೆ ಪಂಕ್ ಕಂಡರೆ ಆಗುತ್ತಿರಲಿಲ್ಲ. ಆದರೂ ಅವನ ಸುತ್ತುಬಳಸಿನ ಹಾಡುಗಳಿಗೆ ಆ ಒರಟುತನ ಎಷ್ಟು ಚೆನ್ನಾಗಿ ಕೂಡಿತು!

1978ರ ಡಿಸೆಂಬರ್ 30 ಮತ್ತು 31. ಕೇಂಬ್ರಿಡ್ಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೋದಲ್ಲಿ ನಾಲ್ಕು ಹಾಡು ರೆಕಾರ್ಡ್ ಆದವು. ಎಲ್ಲರೂ ಹೊಸ ವರ್ಷದ ಪಾರ್ಟಿಯಲ್ಲಿರುವಾಗ ಸ್ಟುಡಿಯೋ ಅಗ್ಗಕ್ಕೆ ಸಿಗುತ್ತಿತ್ತು. ಮಾಸ್ಟರ್ ಟೇಪ್, ಅಂದರೆ ಮೂಲ ಟೇಪ್ ಕೊಳ್ಳುವಷ್ಟು ದುಡ್ಡು ಅವತ್ತು ಇರಲಿಲ್ಲ. ದುಡ್ಡು ಹೊಂದಿಸಿಕೊಂಡು ಮತ್ತೆ ಹೋದಾಗ ಆ ಟೇಪನ್ನು ಅಳಿಸಿಬಿಟ್ಟಿದ್ದರು. ಉಳಿದದ್ದು ಕೈಯಲ್ಲಿದ್ದ ಪ್ರತಿ ಮಾತ್ರ.

ಆ ಪ್ರತಿಯನ್ನು ನೀಲ್ ಕೇ ಅನ್ನುವ ಡಿಜೆಗೆ ಕೊಟ್ಟರು. ವಾಯವ್ಯ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಅವನು ಬ್ಯಾಂಡ್‌ವ್ಯಾಗನ್ ಸೌಂಡ್‌ಹೌಸ್ ಅನ್ನುವ ಹೆವಿ ಮೆಟಲ್ ಡಿಸ್ಕೋ ನಡೆಸುತ್ತಿದ್ದ. ಅಲ್ಲಿ ಬರುವವರು ಕೇಳುವ ಹಾಡುಗಳ ಪಟ್ಟಿ ಸೌಂಡ್ಸ್ ವಾರಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. 1979ರಲ್ಲಿ ಮೇಡನ್‌ನ ಆ ಡೆಮೊ, ಅಂದರೆ ಮಾದರಿ ಟೇಪಿನ ಹಾಡೊಂದು ಆ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಇನ್ನೂ ರೆಕಾರ್ಡೇ ಹೊರಬರದ ಬ್ಯಾಂಡ್! ಇನ್ನೊಂದು ಪ್ರತಿ ರಾಡ್ ಸ್ಮಾಲ್‌ವುಡ್ ಕೈಗೆ ಹೋಯಿತು. ಅವನು ಮ್ಯಾನೇಜರ್ ಆದ, ಇವತ್ತಿಗೂ ಅವನೇ. ಅವನು ಮೊದಲು ನೋಡಲು ಬಂದ ಶೋನಲ್ಲಿ ಡಿಯಾನೊನ ಜೇಬಿನಲ್ಲಿ ಚಾಕು ಸಿಕ್ಕಿತು ಅಂತ ಪೊಲೀಸರು ಅವನನ್ನು ಕರೆದೊಯ್ದರು. ಹ್ಯಾರಿಸ್ ತಾನೇ ಹಾಡಿ ಶೋ ಮುಗಿಸಿದ. ಸ್ಮಾಲ್‌ವುಡ್ ಅದನ್ನು ನೋಡಿಯೂ ಇವರನ್ನು ಹಿಡಿದುಕೊಂಡ ಅನ್ನುವುದು ನನಗೆ ಖುಷಿ ಕೊಡುವ ವಿಷಯ.

1979ರ ನವೆಂಬರ್ 9ರಂದು ಆ ಡೆಮೊದ ಮೂರು ಹಾಡುಗಳನ್ನು ದಿ ಸೌಂಡ್‌ಹೌಸ್ ಟೇಪ್ಸ್ ಹೆಸರಿನಲ್ಲಿ ತಾವೇ ಹೊರತಂದರು. 5,000 ಪ್ರತಿ, ಅಂಚೆಯಲ್ಲಿ ಮಾತ್ರ ಮಾರಾಟ. ಎಲ್ಲ ಖಾಲಿಯಾಯಿತು. ಡಿಸೆಂಬರ್‌ನಲ್ಲಿ ಇಎಂಐ ಅನ್ನುವ ರೆಕಾರ್ಡ್ ಕಂಪನಿ ಒಪ್ಪಂದಕ್ಕೆ ಬಂತು.

ಎರಡನೇ ಗಿಟಾರಿನ ಹುಡುಕಾಟ ಮಾತ್ರ ನಿಂತಿರಲಿಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ ಪಾಲ್ ಕೇರ್ನ್ಸ್, ಪಾಲ್ ಟಾಡ್, ಟೋನಿ ಪಾರ್ಸನ್ಸ್ ಬಂದು ಹೋದರು. ಏಡ್ರಿಯನ್ ಸ್ಮಿತ್‌ನನ್ನೂ ಕೇಳಿದ್ದರು. ಅವನಿಗೆ ತನ್ನ ಅರ್ಚಿನ್ ಮೇಲೆ ಇನ್ನೂ ಆಸೆ ಇತ್ತು, ಒಲ್ಲೆ ಅಂದ. ಕೊನೆಗೆ ಡೆನ್ನಿಸ್ ಸ್ಟ್ರಾಟನ್ ಬಂದ.

ಇಲ್ಲಿಗೆ ಬಂದಾಗ ನನಗೆ ಡಗ್ ಸಾಂಪ್ಸನ್ ನೆನಪಾಗಿ ಸಂಕಟವಾಗುತ್ತದೆ. ಬ್ಯಾಂಡ್ ಕುಸಿದು ಬಿದ್ದಾಗ ಬಂದವನು. ಹಾಡುವವನಿಲ್ಲದ ತಿಂಗಳುಗಳಲ್ಲಿ ಜೊತೆಗೆ ನಿಂತವನು. ಆ ಡೆಮೊದಲ್ಲಿ ಕೇಳುವ ಡ್ರಮ್ಸ್ ಅವನದು. ವ್ಯಾನಿನಲ್ಲೇ ಮಲಗಿ ಊರೂರು ಸುತ್ತಿ ಅವನ ಆರೋಗ್ಯ ಕೆಟ್ಟಿತು. ಮುಂದೆ ಬರುವ ದೊಡ್ಡ ಪ್ರವಾಸಗಳನ್ನು ಅವನ ಮೈ ತಾಳುವುದಿಲ್ಲ ಅಂತ 1979ರ ಡಿಸೆಂಬರ್‌ನಲ್ಲಿ ಅವನನ್ನು ಬಿಟ್ಟರು. ಕಂಪನಿಯ ಒಪ್ಪಂದ ಆಗುವ ಹೊತ್ತು ಅದು. ಇದರಲ್ಲಿ ಯಾರ ತಪ್ಪೂ ಇಲ್ಲ ಅಂತ ನನ್ನ ಬುದ್ಧಿ ಹೇಳುತ್ತದೆ. ಮನಸ್ಸು ಒಪ್ಪುವುದಿಲ್ಲ. ಸಾಂಪ್ಸನ್ ಜಾಗಕ್ಕೆ ಸ್ಟ್ರಾಟನ್ ಒಬ್ಬ ಡ್ರಮ್ಮರ್ ಹೆಸರು ಹೇಳಿದ, ಕ್ಲೈವ್ ಬರ್.

ಈ ತಂಡ ಮೊದಲ ಆಲ್ಬಮ್ ಮಾಡಿತು. 1980ರ ಫೆಬ್ರವರಿಯಲ್ಲಿ ಬಿಬಿಸಿ ಟಿವಿಯ ಟಾಪ್ ಆಫ್ ದಿ ಪಾಪ್ಸ್ ಕಾರ್ಯಕ್ರಮಕ್ಕೆ ಹೋದಾಗ, ರೆಕಾರ್ಡ್ ಹಾಕಿ ತುಟಿ ಆಡಿಸುವುದಿಲ್ಲ, ನಿಜವಾಗಿ ನುಡಿಸುವುದಾದರೆ ಮಾತ್ರ ಬರುತ್ತೇವೆ ಅಂದರು. ಹಾಗೇ ನುಡಿಸಿದರು. ಆಲ್ಬಮ್ ಇಂಗ್ಲೆಂಡಿನ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. ಅದರ ರೆಕಾರ್ಡಿಂಗ್ ಹ್ಯಾರಿಸ್‌ಗೆ ಎಂದೂ ಹಿಡಿಸಲಿಲ್ಲ. ನನಗಂತೂ ಆ ಒರಟು ಸದ್ದೇ ಇಷ್ಟ. ಪಬ್ಬಿನ ಬೆವರು ಇನ್ನೂ ಆರಿಲ್ಲ ಅನ್ನಿಸುತ್ತದೆ.

ಸ್ಟ್ರಾಟನ್ ಒಳ್ಳೆಯ ಗಿಟಾರಿಸ್ಟ್, ಒಳ್ಳೆಯ ಕಂಠವೂ ಇತ್ತು. ಒಂದು ಉದ್ದದ ಹಾಡಿಗೆ ಅವನು ಪದರ ಪದರವಾಗಿ ಗಿಟಾರು, ಕಂಠ ಸೇರಿಸಿದ್ದ. ಇದು ಕ್ವೀನ್ ಬ್ಯಾಂಡ್ ಥರ ಕೇಳುತ್ತಿದೆ, ತೆಗಿ ಅಂದರು. ಯುರೋಪಿನಲ್ಲಿ ಕಿಸ್ ಜೊತೆ ಪ್ರವಾಸ ಮಾಡುವಾಗ ಅವನಿಗೆ ಬಿಡುವಿನಲ್ಲಿ ಮೆದು ಸಂಗೀತ ಕೇಳುವುದು ಇಷ್ಟ, ಉಳಿದವರಿಗೆ ಅದು ಸೇರದು. 1980ರ ಅಕ್ಟೋಬರ್‌ನಲ್ಲಿ ಅವನೂ ಹೊರಗೆ. ಅಷ್ಟರಲ್ಲಿ ಅರ್ಚಿನ್ ಮುಗಿದಿತ್ತು. ಏಡ್ರಿಯನ್ ಸ್ಮಿತ್ ಈ ಸಲ ಬರುತ್ತೇನೆ ಅಂದ. ಒಬ್ಬ ಕೇಳುವ ಸಂಗೀತ ಬೇರೆ ಅನ್ನುವುದು ಅವನನ್ನು ಕಳಿಸಲು ಸಾಕಾದ ಕಾರಣವೇ? ನನಗೆ ಹಾಗನ್ನಿಸುವುದಿಲ್ಲ. ಆದರೆ ಸ್ಮಿತ್ ಮತ್ತು ಮರ್ರೆ ಒಟ್ಟಿಗೆ ನುಡಿಸುವುದನ್ನು ಕೇಳಿದ ಮೇಲೆ ವಾದ ಮಾಡಲು ಬಾಯಿ ಬರುವುದಿಲ್ಲ. ಇಬ್ಬರೂ ಒಂದೇ ಓಣಿಯ ಹುಡುಗರ ಹಾಗೆ ಬೆಳೆದವರು, ಅವರ ಗಿಟಾರ್‌ಗಳೂ ಹಾಗೇ ಮಾತಾಡುತ್ತವೆ.

ಎರಡನೇ ಆಲ್ಬಮ್ 1981ರ ಫೆಬ್ರವರಿಯಲ್ಲಿ ಬಂತು. ಮಾರ್ಟಿನ್ ಬರ್ಚ್ ಪ್ರೊಡ್ಯೂಸರ್ ಆಗಿ ಸೇರಿದ್ದು ಆಗಲೇ. ಅದರ ಪ್ರವಾಸದಲ್ಲಿ ಡಿಯಾನೊ ಹಳಿ ತಪ್ಪಿದ. ಕುಡಿತ, ಕೊಕೇನ್. ದನಿ ಕೈಕೊಡತೊಡಗಿತು. ಶೋಗಳು ರದ್ದಾದವು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಕೋಪನ್‌ಹೇಗನ್ ಶೋ ಆದ ಮೇಲೆ ಅವನ ಕಾಲ ಮುಗಿಯಿತು.

ಅದಕ್ಕೂ ಮೊದಲೇ, ಆಗಸ್ಟ್‌ನ ರೀಡಿಂಗ್ ಉತ್ಸವದಲ್ಲಿ ಸ್ಮಾಲ್‌ವುಡ್ ಒಬ್ಬ ಗಾಯಕನ ಜೊತೆ ಮಾತಾಡಿದ್ದ. ಸ್ಯಾಮ್ಸನ್ ಬ್ಯಾಂಡಿನ ಬ್ರೂಸ್ ಡಿಕಿನ್‌ಸನ್. ಈ ಸ್ಯಾಮ್ಸನ್‌ನ ನಂಟು ನೋಡಿ. ಕ್ಲೈವ್ ಬರ್ ಮೊದಲು ಅಲ್ಲಿದ್ದವನು. ಅವನು ಬಿಟ್ಟ ಜಾಗಕ್ಕೆ ಹೋದವನು, ಮೇಡನ್‌ನಲ್ಲಿ ಒಂದೇ ಶೋ ಮಾಡಿ ಹೊರಬಿದ್ದ ಥಂಡರ್‌ಸ್ಟಿಕ್. ಈಗ ಅಲ್ಲಿಂದ ಡಿಕಿನ್‌ಸನ್ ಇಲ್ಲಿಗೆ. ನಮ್ಮ ಯಕ್ಷಗಾನದಲ್ಲೂ ಹೀಗೇ ಅಲ್ವಾ? ತಿರುಗಾಟ ಮುಗಿದ ಮೇಲೆ ಈ ಮೇಳದ ವೇಷಧಾರಿ ಆ ಮೇಳಕ್ಕೆ, ಆ ಮೇಳದವನು ಈ ಮೇಳಕ್ಕೆ. ಪ್ರಸಂಗ ಅದೇ, ಅದನ್ನು ಹಿಡಿದು ಕೂರುವ ಭಾಗವತ ಅವನೇ. ಹ್ಯಾರಿಸ್ ಕೂಡ ಹಾಡು ಹಿಡಿದು ಕೂತಿದ್ದ.

ಡಿಕಿನ್‌ಸನ್ ಹಾಡಿದ ಮೊದಲ ಮೇಡನ್ ಆಲ್ಬಮ್ 1982ರ ಮಾರ್ಚ್‌ನಲ್ಲಿ ಬಂತು. ಸ್ಯಾಮ್ಸನ್ ಜೊತೆಗಿನ ಒಪ್ಪಂದದ ತೊಡಕಿನಿಂದ ಅದರ ಹಾಡುಗಳಿಗೆ ಬರೆದವನಾಗಿ ಅವನ ಹೆಸರು ಹಾಕುವಂತಿರಲಿಲ್ಲ. ನಂಬರ್ ಒನ್ ಆಯಿತು ಅಂತ ಮೊದಲೇ ಹೇಳಿದೆ. ಆ ಆಲ್ಬಮ್‌ನಲ್ಲಿ ಜನ ಡಿಕಿನ್‌ಸನ್‌ನ ಕೂಗು ಕೇಳುತ್ತಾರೆ. ನಾನು ಕ್ಲೈವ್ ಬರ್‌ನ ಡ್ರಮ್ಸ್ ಕೇಳುತ್ತೇನೆ. ಅವನು ಓಡುವುದಿಲ್ಲ, ಕುಣಿಯುತ್ತಾನೆ. ಪೆಟ್ಟುಗಳ ನಡುವೆ ಗಾಳಿ ಆಡುತ್ತದೆ. ಆಮೇಲೆ ಬಂದ ನಿಕೊ ಮೆಕ್‌ಬ್ರೇನ್ ದೊಡ್ಡ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರ್‌ನ ಆ ಹಗುರವಾದ ನಡೆ ಮತ್ತೆ ಬರಲಿಲ್ಲ.

1982ರ ಪ್ರವಾಸದ ನಡುವೆ ಬರ್‌ನ ಅಪ್ಪ ತೀರಿಕೊಂಡರು. ಅವನು ಮನೆಗೆ ಹೋದ. ವಾಪಸ್ ಬಂದಾಗ ತನ್ನ ಜಾಗ ಹೋಗಿತ್ತು ಅಂತ ಅವನು ಮುಂದೆ ಹೇಳಿದ. ಪ್ರವಾಸದ ಒತ್ತಡ ಅವನಿಗೆ ತಡೆಯಲಾಗುತ್ತಿರಲಿಲ್ಲ ಅಂತ ಬ್ಯಾಂಡಿನ ಕಡೆಯ ಮಾತು. ವರ್ಷದ ಕೊನೆಗೆ ನಿಕೊ ಬಂದ. ಅವನು 2024ರ ಡಿಸೆಂಬರ್‌ವರೆಗೆ, ನಲವತ್ತೆರಡು ವರ್ಷ, ಪ್ರವಾಸಗಳಲ್ಲಿ ಆ ಜಾಗದಲ್ಲಿ ಕೂತ.

2007ರ ಮಾರ್ಚ್ 17ರಂದು ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಮೇಡನ್ ನುಡಿಸಿತು. ಭಾರತದಲ್ಲಿ ಅವರ ಮೊದಲ ಶೋ. ಅವತ್ತು ಅವರಿಗಿಂತ ಮುಂಚೆ ನುಡಿಸಿದವರಲ್ಲಿ ದಿಲ್ಲಿಯ ಪರಿಕ್ರಮ ಬ್ಯಾಂಡ್ ಇತ್ತು. ಕಪ್ಪು ಟೀಶರ್ಟ್ ಹಾಕಿಕೊಂಡು ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ಎಲ್ಲೆಲ್ಲಿಂದಲೋ ಹುಡುಗರು ಬಂದಿದ್ದರು. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಕಾಪಿ ಮಾಡಿಕೊಂಡು ಈ ಸಂಗೀತ ಕಲಿತವರು ನಾವು. ಬ್ಯಾಂಡಿನ ಹೆಸರಿನದೇ ಆದ ಆ ಹಾಡು ಶುರುವಾದಾಗ ಇಡೀ ಮೈದಾನ ಹಾಡಿತು. ಆ ಹಾಡು 1978ರ ಕೇಂಬ್ರಿಡ್ಜ್ ಟೇಪಿನಲ್ಲಿ ಇರುವಂಥದ್ದು. ವೇದಿಕೆ ಮೇಲಿದ್ದ ಆರು ಜನರಲ್ಲಿ ಆ ಟೇಪಿನಲ್ಲಿ ಇದ್ದವರು ಇಬ್ಬರು. ಅದರಲ್ಲಿ ಹಾಡಿದವನು ಮತ್ತು ಡ್ರಮ್ಸ್ ನುಡಿಸಿದವನು ಯಾವತ್ತೋ ಬಿಟ್ಟು ಹೋಗಿದ್ದರು. ಅವರ ಪಾಲೂ ಅವತ್ತು ಬೆಂಗಳೂರಿನಲ್ಲಿ ಕೇಳುತ್ತಿತ್ತು ಅಂತಲೇ ನನ್ನ ಲೆಕ್ಕ. ಹಾಡಿಗೆ ಮೊದಲು ಆಕಾರ ಕೊಟ್ಟವರ ಕೈ ಅದರಿಂದ ಪೂರ್ತಿ ಹೋಗುವುದಿಲ್ಲ.

ಹೋದವರ ಮುಂದಿನ ಬದುಕನ್ನೂ ನಾನು ಹುಡುಕಿ ಓದುತ್ತೇನೆ. ಮೊದಲ ಗಾಯಕ ಪಾಲ್ ಡೇ ಮುಂದೆ ಮೋರ್ ಬ್ಯಾಂಡಿನಲ್ಲಿ ಹಾಡಿದ. 1981ರಲ್ಲಿ ಮೇಡನ್ ಶೋಗಳಿಗೆ ಮುಂಚೆ ನುಡಿಸುವ ಬ್ಯಾಂಡ್ ಆಗಿ ಅದೇ ಮೋರ್ ಹೋಯಿತು. 1980ರ ದಶಕದಲ್ಲಿ ಅವನು ಸ್ವೀಟ್ ಬ್ಯಾಂಡಿನಲ್ಲೂ ಹಾಡಿದ. 2025ರಲ್ಲಿ ತೀರಿಕೊಂಡ. ಕ್ಲೈವ್ ಬರ್‌ಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ ಬಂತು. ಡ್ರಮ್ ಕೋಲು ಹಿಡಿಯಲಾಗದ ಸ್ಥಿತಿ. 2002ರಲ್ಲಿ ಮೇಡನ್ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಅವನಿಗಾಗಿ ಶೋ ಮಾಡಿ ದುಡ್ಡು ಕೂಡಿಸಿತು, ಅವನ ಹೆಸರಿನಲ್ಲಿ ನಿಧಿಯನ್ನೂ ಮಾಡಿತು. ಅವನು ತೀರಿಕೊಂಡಿದ್ದು 2013ರ ಮಾರ್ಚ್ 12ರಂದು. ಅವತ್ತು ಹ್ಯಾರಿಸ್‌ನ ಹುಟ್ಟುಹಬ್ಬ. ಪಾಲ್ ಡಿಯಾನೊ ಕೊನೆಯ ವರ್ಷಗಳನ್ನು ಗಾಲಿಕುರ್ಚಿಯಲ್ಲೇ ಕಳೆದ, ಕುರ್ಚಿಯಲ್ಲೇ ಕೂತು ಊರೂರಲ್ಲಿ ಹಾಡಿದ. 2022ರಲ್ಲಿ ಕ್ರೊಯೇಷಿಯಾದಲ್ಲಿ ಚಿಕಿತ್ಸೆಯಲ್ಲಿದ್ದಾಗ ಮೇಡನ್ ಶೋ ಅಲ್ಲಿತ್ತು. ಹ್ಯಾರಿಸ್ ಅವನನ್ನು ನೋಡಲು ಹೋದ. ಇಬ್ಬರೂ ಎಷ್ಟೋ ವರ್ಷದ ನಂತರ ಸಿಕ್ಕಿದ್ದರು. 2024ರ ಅಕ್ಟೋಬರ್‌ನಲ್ಲಿ ಡಿಯಾನೊ ಹೋದ.

2025ರಲ್ಲಿ ಬ್ಯಾಂಡ್ ತನ್ನ ಐವತ್ತು ವರ್ಷದ ಪ್ರವಾಸ ಶುರು ಮಾಡಿತು. ಡ್ರಮ್ಸ್‌ಗೆ ಸೈಮನ್ ಡಾಸನ್ ಬಂದಿದ್ದಾನೆ. ಮೊದಲ ಒಂಬತ್ತು ಆಲ್ಬಮ್‌ಗಳ ಹಾಡುಗಳೇ ಪಟ್ಟಿಯಲ್ಲಿ.

ಹೊಸದಾಗಿ ಮೇಡನ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು 1982ರ ಆಲ್ಬಮ್ ಹೇಳುವುದಿಲ್ಲ. 1980ರ ಫೆಬ್ರವರಿಯಲ್ಲಿ ಇಎಂಐ ಹಲವು ಹೊಸ ಬ್ಯಾಂಡ್‌ಗಳ ಹಾಡು ಸೇರಿಸಿ ಮೆಟಲ್ ಫಾರ್ ಮದಾಸ್ ಅನ್ನುವ ರೆಕಾರ್ಡ್ ತಂದಿತ್ತು. ಅದರಲ್ಲಿ ಮೇಡನ್‌ನ ಎರಡು ಹಾಡಿವೆ. ನುಡಿಸಿರುವವರಲ್ಲಿ ಟೋನಿ ಪಾರ್ಸನ್ಸ್ ಮತ್ತು ಡಗ್ ಸಾಂಪ್ಸನ್ ಇದ್ದಾರೆ. ರೆಕಾರ್ಡ್ ಅಂಗಡಿಗೆ ಬರುವಷ್ಟರಲ್ಲಿ ಇಬ್ಬರೂ ಬ್ಯಾಂಡಿನಲ್ಲಿ ಇರಲಿಲ್ಲ. ನಾನು ಮೊದಲು ಕೇಳಿಸುವುದು ಆ ಎರಡನ್ನೇ.